ಸಂದರ್ಶನದ ಉಡುಪು: ಅಂತಿಮ ವರ್ಷದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸಂದರ್ಶನಕ್ಕೆ ಕೋಟು ಹೊಲಿಸಬೇಕೇ ಎಂದು ಹಲವರು ಕೇಳುತ್ತಿದ್ದೀರಿ. ಬೇಡ, ಆ ದುಡ್ಡು ಉಳಿಸಿ. ಇಸ್ತ್ರಿ ಮಾಡಿದ ತಿಳಿಬಣ್ಣದ ಅಂಗಿ, ಗಾಢಬಣ್ಣದ ಪ್ಯಾಂಟು, ಪಾಲಿಶ್ ಮಾಡಿದ ಶೂ ಸಾಕು. ಹುಡುಗಿಯರಿಗೆ ಚೂಡಿದಾರ್, ಸೀರೆ, ಪ್ಯಾಂಟು ಯಾವುದಾದರೂ ಸರಿಯೇ. ಆದರೆ ಸೀರೆ ಉಟ್ಟು ರೂಢಿಯಿಲ್ಲದವರು ಅಂದೇ ಪ್ರಯೋಗಕ್ಕಿಳಿಯಬೇಡಿ.

ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ವಿಶೇಷವಾಗಿ ಗಮನಿಸಿ. ಮಾತುಕತೆ ಮುಗಿದ ಮೇಲೆ ಯಂತ್ರಗಳಿರುವ ವಿಭಾಗಕ್ಕೂ ಕರೆದೊಯ್ಯಬಹುದು. ಪಾದ ಪೂರ್ತಿ ಮುಚ್ಚುವ ಶೂ ಇರಲಿ. ತಿರುಗುವ ಯಂತ್ರದ ಬಳಿ ಟೈ, ದುಪಟ್ಟಾ, ಇಳಿಬಿಟ್ಟ ಜಡೆ ಎಲ್ಲವೂ ಅಪಾಯ. ಅಂತಹ ಕಡೆ ಅಂದವಾಗಿ ಕಾಣುವುದಕ್ಕಿಂತ ಕೆಲಸ ಬಲ್ಲವರಂತೆ ಕಾಣುವುದೇ ಮೇಲು.

ವಿಡಿಯೊ ಸಂದರ್ಶನಕ್ಕೆ ಸಣ್ಣ ಗೆರೆಯ, ಸಣ್ಣ ಚೌಕುಳಿಯ ಅಂಗಿ ಬೇಡ. ಕ್ಯಾಮೆರಾದಲ್ಲಿ ಅದು ಅಲೆಯಲೆಯಾಗಿ ಮಿನುಗುತ್ತದೆ. ಮೇಲೆ ಅಂಗಿ, ಕೆಳಗೆ ಲುಂಗಿ ಎಂಬ ಸಾಹಸವೂ ಬೇಡ. ಚಾರ್ಜರ್ ತರಲು ಎದ್ದರೆ ಎಲ್ಲವೂ ಕಾಣುತ್ತದೆ!

ಹೊಸ ಶೂ ಕಚ್ಚುತ್ತದೆ, ಕೆಲವು ದಿನ ಮೊದಲೇ ಮನೆಯಲ್ಲಿ ಹಾಕಿಕೊಂಡು ಓಡಾಡಿ. ಶೂ ಇಲ್ಲದವರು ಸಂಕೋಚಪಡದೆ ಅಳತೆಯನ್ನು ನನಗೆ ಪ್ರತ್ಯೇಕವಾಗಿ ತಿಳಿಸಿ. ಹಿರಿಯ ವಿದ್ಯಾರ್ಥಿಗಳು ತಮ್ಮದನ್ನು ಕೊಡಲು ಒಪ್ಪಿದ್ದಾರೆ.