2024 ಮುಗಿಯುವ ಮುಂಚೆ

ಗೆಳೆಯರೇ, ಭಾನುವಾರ ರಾತ್ರಿಯೊಳಗೆ ಎಲ್ಲರೂ ಒಂದೊಂದು ಮೆಸೇಜ್ ಹಾಕಿ. ಈ ವರ್ಷ ಹೊರಗೆ ಏನು ಬದಲಾಯಿತು, ನಿಮ್ಮ ಬದುಕಲ್ಲಿ ಏನು ಬದಲಾಯಿತು ಅಂತ. ಫಾರ್ವರ್ಡ್ ಬೇಡ, ನಿಮ್ಮದೇ ನಾಲ್ಕು ಸಾಲು ಸಾಕು.

ನಾನೇ ಶುರು ಮಾಡುತ್ತೇನೆ. ಜೂನ್ 4ರಂದು ಲೋಕಸಭೆ ಫಲಿತಾಂಶ ಬಂದಾಗ ಇಲ್ಲಿ ಮಧ್ಯರಾತ್ರಿವರೆಗೆ ಕಿತ್ತಾಡಿದ್ದು ನೆನಪಿದೆ ಅಲ್ವಾ? ಬಹುಮತಕ್ಕೆ 272 ಬೇಕು, ಬಿಜೆಪಿಗೆ ಬಂದದ್ದು 240. ಗೆದ್ದವರ ಮುಖ ಸಪ್ಪೆ, ಸೋತವರಿಗೆ ಸಂಭ್ರಮ! ಆಮೇಲೆ ಜುಲೈನಲ್ಲಿ ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ 14 ವರ್ಷದ ಆಡಳಿತ ಮುಗಿಯಿತು. ಆಗಸ್ಟ್ 5ಕ್ಕೆ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಬಾಂಗ್ಲಾದೇಶ ಬಿಟ್ಟರು. ನವೆಂಬರ್‌ನಲ್ಲಿ ಟ್ರಂಪ್ ಮತ್ತೆ ಗೆದ್ದರು. ಡಿಸೆಂಬರ್ 8ಕ್ಕೆ ಸಿರಿಯಾದಲ್ಲಿ ಅಸಾದ್ ಆಡಳಿತ ಬಿತ್ತು. ಅಪ್ಪ, ಮಗ ಸೇರಿ 50 ವರ್ಷಕ್ಕಿಂತ ಜಾಸ್ತಿ ಆಳಿದ ಮನೆತನ, ಕೊನೆಗೆ ಎರಡು ವಾರವೂ ನಿಲ್ಲಲಿಲ್ಲ.

ನಮ್ಮ ಮನೆಯ ಸುದ್ದಿ ಚಿಕ್ಕದು. ಅಪ್ಪನಿಗೆ ಕಿವಿ ಪೂರ್ತಿ ಮಂದವಾಯಿತು. ಮೊದಲು ರಾಜಕೀಯ ಅಂದರೆ ಇಬ್ಬರೂ ಕೂಗಾಡುತ್ತಿದ್ದೆವು. ಈಗ ನಾನು ಹೇಳಬೇಕಾದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತೇನೆ. ಬರೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಅಪ್ಪ ಮಾತ್ರ ಈಗಲೂ ಕೂಗಿಯೇ ಉತ್ತರ ಕೊಡುತ್ತಾರೆ!

ಇನ್ನೊಂದು ವಿಷಯ. ಜೂನ್ ಜಗಳದಲ್ಲಿ ಗುಂಪು ಬಿಟ್ಟ ಇಬ್ಬರಿಗೆ ಫೋನ್ ಮಾಡಿದ್ದೆ. ಒಬ್ಬರು ನಾಳೆ ವಾಪಸ್ ಬರುತ್ತಾರೆ. ದಯವಿಟ್ಟು ಯಾರೂ ಹಳೆಯ ಸ್ಕ್ರೀನ್‌ಶಾಟ್ ಹಾಕಿ ಕೆಣಕಬೇಡಿ.