ಕುಲಾಂತರಿ ರಬ್ಬರಿನ ಲೆಕ್ಕ ಬೆಳೆಗಾರರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಕುಲಾಂತರಿ ಎಂದೊಡನೆ ನಮ್ಮಲ್ಲಿ ಬಿಟಿ ಹತ್ತಿ, ಬಿಟಿ ಬದನೆಯ ಮಾತು ಶುರುವಾಗುತ್ತದೆ. 2021ರ ಜೂನ್‌ನಲ್ಲಿ ಗುವಾಹಟಿ ಸಮೀಪದ ಸರುತಾರಿಯಲ್ಲಿ ರಬ್ಬರ್ ಮಂಡಳಿ ನೆಟ್ಟ ಕುಲಾಂತರಿ ರಬ್ಬರ್ ಬಗ್ಗೆ ಸುಳ್ಯ, ಪುತ್ತೂರು ಕಡೆಯ ನಮ್ಮಂಥ ಬೆಳೆಗಾರರಲ್ಲೂ ಚರ್ಚೆ ಕಡಿಮೆ. ಆ ಗಿಡಕ್ಕೆ ಚಳಿ ತಡೆಯಲೆಂದು ಸೇರಿಸಿದ ಜೀನ್ ಯಾವುದೋ ಬ್ಯಾಕ್ಟೀರಿಯಾದ್ದಲ್ಲ, ರಬ್ಬರಿನದೇ. ಪ್ರಯೋಗಾಲಯದಲ್ಲಿ ಅದರ ಪ್ರತಿಗಳನ್ನು ಹೆಚ್ಚಿಸಿ ಮತ್ತೆ ರಬ್ಬರಿಗೇ ಸೇರಿಸಲಾಗಿದೆ.

ಅದು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವಗಳನ್ನು ತಯಾರಿಸುವ ಜೀನ್ ಕುಟುಂಬದ್ದು. ಚಳಿಯಿರಲಿ, ನೀರಿನ ಕೊರತೆಯಿರಲಿ, ಸುಡುಬಿಸಿಲಿರಲಿ, ಮರ ಬಳಲಿದಾಗ ಅದರ ಕೋಶಗಳಲ್ಲಿ ಸೂಪರಾಕ್ಸೈಡ್ ಎಂಬ ಆಮ್ಲಜನಕದ ಉಗ್ರರೂಪ ಹೆಚ್ಚಿ ಹಾನಿ ಮಾಡುತ್ತದೆ. ಈ ಕಿಣ್ವಗಳು ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತವೆ. ಮುಂದೆ ಬೇರೆ ಕಿಣ್ವಗಳು ಅದನ್ನು ನೀರಾಗಿಸುತ್ತವೆ. ಕುಟುಂಬದೊಳಗೆ ಜಾಗವೂ ಹಂಚಿಕೆಯಾಗಿದೆ. ಮ್ಯಾಂಗನೀಸ್ ಇರುವ ಕಿಣ್ವ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ, ಕಬ್ಬಿಣದ್ದು ಹೆಚ್ಚಾಗಿ ಎಲೆಯ ಹಸಿರು ಕಣಗಳಲ್ಲಿ, ತಾಮ್ರ-ಸತುವಿನದು ಹಲವೆಡೆ. ಸರುತಾರಿಯ ಗಿಡದಲ್ಲಿ ಹೆಚ್ಚಿಸಿರುವುದು ಮ್ಯಾಂಗನೀಸಿನ ಕಿಣ್ವವನ್ನು.

ಇಲ್ಲೇ ಎಚ್ಚರ ಬೇಕು. ಹೈಡ್ರೋಜನ್ ಪೆರಾಕ್ಸೈಡ್ ಬರೀ ಕಸವಲ್ಲ. ಕಾಂಡವನ್ನು ಗಟ್ಟಿಮಾಡುವ ಲಿಗ್ನಿನ್ ಕಟ್ಟಲು ಅದು ಬೇಕು, ಬೇರು ಬೆಳೆಯುವಲ್ಲಿ ಸಂಕೇತವಾಗಿಯೂ ಅದು ಕೆಲಸ ಮಾಡುತ್ತದೆ. ಕಷ್ಟ ತಡೆಯುವ ಕೆಲಸಕ್ಕೂ ಬೆಳೆಯುವ ಕೆಲಸಕ್ಕೂ ನಂಟಿರುವಾಗ ಒಂದನ್ನು ಏರಿಸಿದರೆ ಇನ್ನೊಂದು ಏನಾಗುತ್ತದೆಂದು ವರ್ಷಗಟ್ಟಲೆ ನೋಡಲೇಬೇಕು. ಭತ್ತವಾದರೆ ಒಂದೇ ಹಂಗಾಮಿನಲ್ಲಿ ಫಲ ಕಾಣುತ್ತದೆ. ರಬ್ಬರ್ ಟ್ಯಾಪಿಂಗ್‌ಗೆ, ಅಂದರೆ ತೊಗಟೆ ಕೊರೆದು ಹಾಲು ತೆಗೆಯುವ ಹಂತಕ್ಕೆ, ಬರಲು ಸುಮಾರು 7 ವರ್ಷ ಬೇಕು, ಆಮೇಲೂ ಎರಡು ದಶಕ ಹಾಲು ಕೊಡಬೇಕು. ಎಳೆ ಗಿಡ ಚಳಿ ತಡೆದುಕೊಂಡಿತೆಂದು ಗೆದ್ದೆವು ಎನ್ನಲಾಗದು.

ಹಾಗೆಂದು ನಾನು ಈ ಪ್ರಯೋಗದ ವಿರೋಧಿಯಲ್ಲ. ಏಷ್ಯಾದ ತೋಟಗಳ ರಬ್ಬರ್ ಬಹುಪಾಲು 1876ರಲ್ಲಿ ಅಮೆಜಾನಿನಿಂದ ತಂದ ಬೀಜಗಳ ಸಂತತಿ. ಅದರಲ್ಲೂ ನಾವು ನೆಡುವುದು ಒಂದೇ ತಳಿಯ ಕಸಿ ಗಿಡಗಳನ್ನು. ತಳಿವೈವಿಧ್ಯ ಇಷ್ಟು ಕಡಿಮೆಯಿರುವ ಬೆಳೆಗೆ ಹವಾಮಾನದ ಏರುಪೇರು ತಡೆಯುವ ಹೊಸ ದಾರಿಗಳು ಬೇಕೇ ಬೇಕು.

ಆದ್ದರಿಂದ ರಬ್ಬರ್ ಮಂಡಳಿಗೆ ನನ್ನ ಕೋರಿಕೆ: ಸರುತಾರಿಯ ಗಿಡಗಳ ಕಾಂಡದ ಸುತ್ತಳತೆ, ಸತ್ತ ಗಿಡಗಳ ಸಂಖ್ಯೆ, ಮುಂದೆ ಹಾಲಿನ ಇಳುವರಿ, ಪಟ್ಟೆ ಒಣಗುವ (ಕೊರೆದ ತೊಗಟೆಯಲ್ಲಿ ಹಾಲು ಬತ್ತುವ) ಸಮಸ್ಯೆ, ಇವುಗಳ ಲೆಕ್ಕವನ್ನು ಪ್ರತಿ ವರ್ಷ ಕನ್ನಡ, ಮಲಯಾಳಂ, ಅಸ್ಸಾಮಿಗಳಲ್ಲೂ ಪ್ರಕಟಿಸಲಿ. ಪಕ್ಕದಲ್ಲಿ ನೆಟ್ಟ ಸಾಮಾನ್ಯ ಗಿಡಗಳ ಅಂಕಿಗಳೂ ಜೊತೆಗಿರಲಿ.

ಜೇನನ್ನೂ ಮರೆಯಬಾರದು. ರಬ್ಬರ್ ಜೇನು ಹೂವಿನಿಂದ ಬರುವುದಕ್ಕಿಂತ ಹೆಚ್ಚಾಗಿ ಎಲೆತೊಟ್ಟಿನ ತುದಿಯ ಗ್ರಂಥಿಗಳಿಂದ ಬರುತ್ತದೆ. ಎಲೆ ಉದುರಿ ಹೊಸ ಚಿಗುರು ಬಂದಾಗ ನಮ್ಮ ಕಡೆ ಎಷ್ಟೋ ಮನೆಯವರು ತೋಟದಲ್ಲಿ ಜೇನುಪೆಟ್ಟಿಗೆ ಇಡುತ್ತಾರೆ. ಆ ಮಕರಂದದ ಪರೀಕ್ಷೆಯನ್ನೂ ಪ್ರಯೋಗದ ಭಾಗವಾಗಿಸಿ, ದಕ್ಷಿಣ ಕನ್ನಡದಲ್ಲಿ ಇಂಥ ಗಿಡ ನೆಡುವ ಮಾತು ಬರುವ ಮೊದಲೇ ಫಲಿತಾಂಶ ತಿಳಿಸಬೇಕು.

ಒಬ್ಬ ರಬ್ಬರ್ ಬೆಳೆಗಾರ, ಸುಳ್ಯ ತಾಲ್ಲೂಕು