ಬಯಾಲಜಿಯೋ ಕೆಮಿಸ್ಟ್ರಿಯೋ: ಮಗಳ ಅಪ್ಪನಿಗೊಂದು ಪತ್ರ

ಪ್ರಿಯ ಗೆಳೆಯ,

ಮಗಳ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ನೀನು ವಾಟ್ಸಾಪಿನಲ್ಲಿ ಕೇಳಿದ ಪ್ರಶ್ನೆಗೆ ಇಲ್ಲಿ, ಎಲ್ಲರೆದುರೇ ಉತ್ತರ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಈಗ ಉಡುಪಿಯ ಅರ್ಧ ಊರು ಕೇಳ್ತಾ ಉಂಟು; ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡುವ ತಾಳ್ಮೆ ನನಗಿಲ್ಲ ಮಾರಾಯ.

"ಕೆಮಿಸ್ಟ್ರಿ ಕೊಡಿಸುವುದೋ, ಬಯಾಲಜಿಯೋ?" ಅಂತ ಕೇಳಿದ್ದಿ. ನಮ್ಮ ಪಿಯು ಬೋರ್ಡಿನ ಸಯನ್ಸಿನಲ್ಲಿ ಈ ಪ್ರಶ್ನೆ ಹೀಗೆ ಏಳುವುದೇ ಇಲ್ಲ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ) ಆಗಲಿ, ಕೊನೆಗೆ ಕಂಪ್ಯೂಟರ್ ಸಯನ್ಸ್ ಇರುವ ಪಿಸಿಎಂಸಿ ಆಗಲಿ, ಸ್ಟಾಟಿಸ್ಟಿಕ್ಸ್ ಇರುವುದಾಗಲಿ, ಕೆಮಿಸ್ಟ್ರಿ ತನ್ನ ಜಾಗದಲ್ಲಿ ಕೂತೇ ಇರುತ್ತದೆ. ಬದಲಾಗುವುದು ಕೊನೆಯ ಅಕ್ಷರ. ಸಿಬಿಎಸ್‌ಇಯಲ್ಲಿ ಶಾಲೆ ಒಪ್ಪಿದರೆ ಕೆಮಿಸ್ಟ್ರಿ ಬಿಡಬಹುದು. ಆದರೆ ಕೆಮಿಸ್ಟ್ರಿ ಬಿಟ್ಟು ಬಯಾಲಜಿ ಹಿಡಿದವರಿಗೆ ಬಯಾಲಜಿಯ ದೊಡ್ಡ ದಾರಿಗಳೇ ಸಿಗುವುದಿಲ್ಲ. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ಬಿಎಸ್ಸಿ ನರ್ಸಿಂಗ್‌ಗೂ ಅಷ್ಟೆ. ಬಿ.ಫಾರ್ಮಕ್ಕೆ ಬಯಾಲಜಿಯ ಬದಲು ಮ್ಯಾತ್ಸ್ ಇದ್ದರೂ ನಡೆಯುತ್ತದೆ, ಕೆಮಿಸ್ಟ್ರಿ ಇಲ್ಲದಿದ್ದರೆ ನಡೆಯುವುದಿಲ್ಲ. ತಮಾಷೆ ಅಂದರೆ, ಕೆಮಿಸ್ಟ್ರಿ ಇಲ್ಲದೆಯೂ ಅರ್ಹತೆ ಸಿಗುವುದು ಇಂಜಿನಿಯರಿಂಗಿಗೆ: ಫಿಸಿಕ್ಸ್, ಮ್ಯಾತ್ಸ್ ಕಡ್ಡಾಯ, ಮೂರನೆಯದು ಬಯಾಲಜಿ ಆದರೂ ಆದೀತು. ಹಾಗಾಗಿ ನಿನ್ನ ನಿಜವಾದ ಪ್ರಶ್ನೆ ಇಷ್ಟು: ಬಯಾಲಜಿ ಬೇಕೋ ಬೇಡವೋ? ಬೇಕಾದರೆ, ಜೊತೆಗೆ ಬರುವ ಕೆಮಿಸ್ಟ್ರಿಯನ್ನು ಅವಳು ತಡೆದುಕೊಳ್ಳುತ್ತಾಳೋ?

ಲೆಕ್ಕಕ್ಕೆ ಬಾ. ನೀಟ್‌ನ 720 ಅಂಕಗಳಲ್ಲಿ ಬಯಾಲಜಿಗೇ 360. ಕೆಮಿಸ್ಟ್ರಿಗೆ 180, ಫಿಸಿಕ್ಸ್‌ಗೆ 180. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಳೆ. ಸಿಇಟಿಯಲ್ಲಿ ಎಲ್ಲ ವಿಷಯಕ್ಕೂ ತಲಾ 60 ಪ್ರಶ್ನೆ, 80 ನಿಮಿಷ, ಕಳೆಯುವ ಅಂಕ ಇಲ್ಲ. ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಸಾಲಾಗಿ ಓದಿದ ಮಗು ನೀಟ್‌ನ 90 ಬಯಾಲಜಿ ಪ್ರಶ್ನೆಗಳನ್ನು ಬೇಗ ಮುಗಿಸಿ, ಉಳಿದ ಸಮಯವನ್ನು ಫಿಸಿಕ್ಸಿಗೆ ಕೊಡುತ್ತದೆ. ಕೆಮಿಸ್ಟ್ರಿ ನಡುವಿನದ್ದು. ಅಲ್ಲಿ ಸಿಕ್ಕಿಹಾಕಿಕೊಂಡವರಿಗೆ ಫಿಸಿಕ್ಸಿಗೂ ಹೊತ್ತು ಸಾಲುವುದಿಲ್ಲ.

"ಅವಳಿಗೆ ಕೆಮಿಸ್ಟ್ರಿ ಅಂದರೆ ಹೆದರಿಕೆ" ಅಂದೆಯಲ್ಲ, ಯಾವ ಕೆಮಿಸ್ಟ್ರಿ ಅಂತ ಕೇಳಿದ್ದೀಯಾ? ಅದು ಮೂರು ವಿಷಯ, ಒಂದೇ ರಟ್ಟು: ಫಿಸಿಕಲ್, ಆರ್ಗ್ಯಾನಿಕ್, ಇನಾರ್ಗ್ಯಾನಿಕ್. ಮೋಲ್ ಅಂದರೇನು ಅಂತ ಅರ್ಧ ಗಂಟೆ ಹೇಳಿಕೊಟ್ಟು, 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ 250 ಮಿ.ಲೀ. ದ್ರಾವಣದಲ್ಲಿದ್ದರೆ ಮೊಲಾರಿಟಿ, ಅಂದರೆ ಲೀಟರಿಗೆ ಎಷ್ಟು ಮೋಲ್, ಅಂತ ಕೇಳು. ಒಂದು ಮೋಲಿನ ತೂಕವಾದ 40ರಿಂದ ಭಾಗಿಸಿ 0.1 ಮೋಲ್ ಅಂದು ಅಲ್ಲೇ ನಿಂತರೆ, ಕಾಲು ಲೀಟರಿಗೆ ಅಂತ ನೆನಪಿಸು. 0.4ಕ್ಕೆ ತಾನೇ ಬಂದರೆ ಫಿಸಿಕಲ್ ಕೆಮಿಸ್ಟ್ರಿಯ ಹೆದರಿಕೆ ಇಲ್ಲ. ಆಮೇಲೆ ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್ ಕೊಟ್ಟು ಎಷ್ಟು ಬಗೆಯಲ್ಲಿ ಜೋಡಿಸಬಹುದು ಅಂತ ಬರೆಸು. ಉತ್ತರ ಮೂರು. ಹೆಚ್ಚಿನವರು ನಾಲ್ಕೋ ಐದೋ ಬರೆಯುತ್ತಾರೆ, ಯಾಕೆಂದರೆ ಒಂದೇ ಸರಪಳಿಯನ್ನು ಮಡಚಿ ಬರೆದು ಹೊಸದು ಅಂದುಕೊಳ್ಳುತ್ತಾರೆ. "ಇದು ಅದೇ ಅಲ್ವಾ?" ಅಂತ ಅವಳಾಗಿ ಕೇಳಿದರೆ ಆರ್ಗ್ಯಾನಿಕ್ ಸಲೀಸು. ಉಳಿದದ್ದು ಇನಾರ್ಗ್ಯಾನಿಕ್, ಅದು ಬಹುಪಾಲು ಬಾಯಿಪಾಠ, ಬಯಾಲಜಿಗಿಂತ ಒಣ ಬಾಯಿಪಾಠ.

ಬಯಾಲಜಿಯನ್ನು ಬಾಯಿಪಾಠ ಅನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ಎರಡನೇ ಪಿಯುನಲ್ಲಿ 13 ಅಧ್ಯಾಯ ಉಂಟು, ಕೆಮಿಸ್ಟ್ರಿಗಿಂತ ಮೂರು ಹೆಚ್ಚು, ಓದುವ ಹೊರೆಯೂ ಹೆಚ್ಚು, ಒಪ್ಪಿದೆ. ಆದರೆ ಜೆನೆಟಿಕ್ಸಿನಲ್ಲಿ ಎರಡು ಗುಣಗಳ ಅನುಪಾತ 9:3:3:1 ಅಂತ ಉರು ಹೊಡೆದವನಿಗೆ, ಎರಡು ಜೀನುಗಳು ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಹತ್ತಿರ ಇದ್ದರೆ ಏನಾಗುತ್ತದೆ ಅಂತ ಕೇಳಿ ನೋಡು, ಬಾಯಿ ಕಟ್ಟುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಚಿತ್ರಗಳಲ್ಲಿ. ಹೃದಯದ ಚಿತ್ರವನ್ನು ಪುಸ್ತಕ ಮುಚ್ಚಿ ಬರೆಸು. ಹೃದಯದ ಎಡಭಾಗವನ್ನು ಕಾಗದದ ಬಲಕ್ಕೆ ಬರೆಯುವ ಬದಲು ಎಡಕ್ಕೆ ಬರೆದರೆ ಗಾಬರಿ ಬೇಡ, ಎಲ್ಲರೂ ಮಾಡುತ್ತಾರೆ. ಗೆರೆ ಎಳೆದು ಹೆಸರು ಬರೆಯುವಾಗ ಗೆರೆಯ ತುದಿ ಭಾಗವನ್ನು ಮುಟ್ಟದೆ ಗಾಳಿಯಲ್ಲಿ ನಿಂತರೆ ಮಾತ್ರ ಈಗಲೇ ತಿದ್ದು.

ಪ್ರಾಕ್ಟಿಕಲ್‌ಗೆ ಎರಡರಲ್ಲೂ 30 ಅಂಕ. ಇಲ್ಲಿ ಅವಳ ಕೈ ಯಾವುದಕ್ಕೆ ಒಗ್ಗುತ್ತದೆ ಅಂತ ಗೊತ್ತಾಗುತ್ತದೆ. ನಮ್ಮ ಕೆಮಿಸ್ಟ್ರಿಯಲ್ಲಿ ಪರ್ಮಾಂಗನೇಟ್ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು) ಉಂಟಲ್ಲ: 250 ಮಿ.ಲೀ. 0.1 ಮೊಲಾರ್ ಆಕ್ಸಾಲಿಕ್ ಆಮ್ಲಕ್ಕೆ 3.15 ಗ್ರಾಂ ಹರಳು. ತೂಗಿಯೇ ಸರಿಯಾದ ದ್ರಾವಣ ಮಾಡಲು ಆಕ್ಸಾಲಿಕ್ ಆಗುತ್ತದೆ, ಸೋಡಿಯಂ ಹೈಡ್ರಾಕ್ಸೈಡ್ ಯಾಕೆ ಆಗುವುದಿಲ್ಲ ಅನ್ನುವುದನ್ನು ಘಟ್ಟದ ಮೇಲಿನವರು ಪುಸ್ತಕದಲ್ಲಿ ಓದಿಯಾರು. ಜುಲೈಯ ಉಡುಪಿಯಲ್ಲಿ ವಾಚ್‌ಗ್ಲಾಸಿನ ಮೇಲೆ ಇಟ್ಟ ಹೈಡ್ರಾಕ್ಸೈಡಿನ ಗುಳಿಗೆ ತೂಗಿ ಮುಗಿಯುವ ಮೊದಲೇ ಒದ್ದೆ. ಪಿಪೆಟ್ಟಿನಿಂದ ತೆಗೆದ ಆಮ್ಲಕ್ಕೆ ಡೈಲ್ಯೂಟ್ ಸಲ್ಫ್ಯೂರಿಕ್ ಹಾಕಿ 60-70 ಡಿಗ್ರಿಗೆ ಬಿಸಿ ಮಾಡಬೇಕು. ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಅದನ್ನೇ ಕ್ಲೋರಿನ್ ಮಾಡಲು ಹೋಗಿ ರೀಡಿಂಗ್ ಹೆಚ್ಚು ಬರುತ್ತದೆ. ಪರ್ಮಾಂಗನೇಟಿನ ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಒಮ್ಮೆ ಮ್ಯಾಂಗನೀಸ್ ಅಯಾನು ಹುಟ್ಟಿದ ಮೇಲೆ ಅದೇ ವೇಗ ಹೆಚ್ಚಿಸುತ್ತದೆ. ಅಷ್ಟಕ್ಕೇ ತಾಳ್ಮೆ ಕಳೆದುಕೊಂಡು ಗಳಗಳ ಬಿಟ್ಟರೆ, ಅಥವಾ ಆಮ್ಲ ಕಡಿಮೆಯಾದರೆ, ಕಂದು ಬಣ್ಣದ ಕೆಸರು. ಪರ್ಮಾಂಗನೇಟಿನ ಬಣ್ಣ ಗಾಢವಾದ್ದರಿಂದ ಬ್ಯೂರೆಟ್ಟಿನಲ್ಲಿ ಮೇಲಿನ ಅಂಚನ್ನೇ ಓದಬೇಕು.

ಬಯಾಲಜಿಯಲ್ಲಿ ಇದಕ್ಕೆ ಸಮಾನವಾದದ್ದು ಜೀವಕೋಶ ವಿಭಜನೆ ನೋಡುವ ಈರುಳ್ಳಿ ಬೇರು. ಬೇರಿನ ತುದಿಯನ್ನು ಬೆಳಿಗ್ಗೆ ಎಂಟು-ಒಂಬತ್ತರ ಹೊತ್ತಿಗೆ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್ ಇರುವ ಮಿಶ್ರಣದಲ್ಲಿ ಒಂದು ದಿನ ಇಡಬೇಕು. ಆಮೇಲೆ ಆಮ್ಲದ ಹನಿ, ಅಸಿಟೋಕಾರ್ಮೈನ್ ಬಣ್ಣ, ಸ್ವಲ್ಪ ಬಿಸಿ. ಬಣ್ಣ ಹೆಚ್ಚು ಹಿಡಿದ ಎರಡು-ಮೂರು ಮಿ.ಮೀ. ತುದಿ ಮಾತ್ರ ಇಟ್ಟುಕೊಂಡು, ಕವರ್‌ಸ್ಲಿಪ್ಪಿನ ಮೇಲೆ ಹೆಬ್ಬೆರಳಲ್ಲಿ ಒತ್ತಬೇಕು. ತುದಿ ಬಿಟ್ಟು ಮೇಲಿನ ಭಾಗ ಇಟ್ಟರೆ ಉದ್ದುದ್ದ ಜೀವಕೋಶ ಕಾಣುತ್ತದೆ, ವಿಭಜನೆ ಕಾಣುವುದಿಲ್ಲ. ಒತ್ತುವಾಗ ಬೆರಳು ಜಾರಿತೋ, ಎಲ್ಲ ಹರಿದು ಗಂಜಿ.

ಇಷ್ಟು ಬರೆಯುವಾಗ ಇತ್ತೀಚೆಗೆ ಮಂಡೆಯಲ್ಲಿ ಕೊರೆಯುತ್ತಿರುವ ಒಂದು ವಿಷಯ ಮೇಲೆ ಬಂತು. ನಾನು ಪಾಠ ಮಾಡುವ ಕೆಮಿಸ್ಟ್ರಿ ಲ್ಯಾಬಿನಲ್ಲಿ ರೀಡಿಂಗ್ ಎಷ್ಟು ಬರಬೇಕು ಅಂತ ನನಗೆ ಮೊದಲೇ ಗೊತ್ತು. ದ್ರಾವಣ ಮಾಡಿಟ್ಟವರು ನಾವೇ ಅಲ್ವಾ. ಮಕ್ಕಳಿಗೂ ಅದು ಗೊತ್ತು. ಬಣ್ಣ ನೋಡುವ ಮೊದಲು ಪಕ್ಕದವನ ಪುಸ್ತಕ ನೋಡುತ್ತಾರೆ. ಪಕ್ಕದ ಬಯಾಲಜಿ ಲ್ಯಾಬಿನ ಸ್ಲೈಡಿನಲ್ಲಿ ಏನು ಕಾಣುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಪಾಠ ಮಾಡುವವರಿಗೂ. ಹುಡುಗಿಯೊಬ್ಬಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು "ಮೇಡಂ, ಅನಾಫೇಸ್!" (ಕ್ರೋಮೋಸೋಮುಗಳು ಎರಡು ಕಡೆಗೆ ಸರಿಯುವ ಹಂತ) ಅಂತ ಕಿರುಚಿದರೆ ಗೋಡೆಯ ಈಚೆಗೆ ನನಗೆ ಹೊಟ್ಟೆಕಿಚ್ಚು. ಎರಡನೇ ಪಿಯು ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಫಸ್ಟ್, 2025ರಲ್ಲಿ ಉಡುಪಿ ಫಸ್ಟ್. ಮಾರ್ಕು ತರಿಸುವುದು ನಮಗೆ ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಪ್ರೀತಿಸದ ವಿಷಯದಲ್ಲೂ ತೊಂಬತ್ತೈದು ತರಿಸುವ ಊರಿನಲ್ಲಿ, ಮಾರ್ಕು ನೋಡಿ ಮಗುವಿನ ವಿಷಯ ಆರಿಸುವುದು ಹೇಗೆ? ನನಗೇ ಕೆಮಿಸ್ಟ್ರಿ ಇನ್ನೂ ಇಷ್ಟವೋ, ಅದರ ಕೀ ಆನ್ಸರ್ ಇಷ್ಟವೋ, ಈಗ ಸರಿಯಾಗಿ ಹೇಳಲು ಬರುವುದಿಲ್ಲ.

ಎಂಥದ್ದೋ ಬರೆದುಬಿಟ್ಟೆ. ನಮ್ಮ ಸ್ಟಾಫ್‌ರೂಮಿನವರು ಇದನ್ನು ಓದಿದರೆ ಮುಂದಿನ ವರ್ಷ ನನಗೆ ಸಾಲ್ಟ್ ಅನಾಲಿಸಿಸ್ ಬ್ಯಾಚೇ ಗತಿ. ನೀನು ಮಾತ್ರ ಅವಳಿಗೆ ಬಯಾಲಜಿ ಕೊಡಿಸು. ಮ್ಯಾತ್ಸ್ ಬಿಡಿಸಬೇಡ, ಪಿಸಿಎಂಬಿಯಲ್ಲಿ ನಾಲ್ಕೂ ಇರಲಿ. ಎರಡು ಕಡೆ ಕಾಲಿಟ್ಟರೆ ಹೊರೆ ಹೆಚ್ಚು ನಿಜ, ಆದರೆ ವರ್ಷದ ಕೊನೆಗೆ ಮನಸ್ಸು ಬದಲಾದರೆ ಮೀನುಗಾರಿಕೆ ಕಾಲೇಜು ಮಂಗಳೂರಿನ ಎಕ್ಕೂರಿನಲ್ಲೇ ಉಂಟು, ತೈಲ ಶುದ್ಧೀಕರಿಸುವ ಎಂಆರ್‌ಪಿಎಲ್ ಕಡೆಗೆ ಹೋಗುವ ಇಂಜಿನಿಯರಿಂಗೂ ಉಂಟು. ಕೆಮಿಸ್ಟ್ರಿ ನಾನು ನೋಡಿಕೊಳ್ಳುತ್ತೇನೆ, ಭಾನುವಾರ ಹತ್ತು ಗಂಟೆಗೆ ಕಳಿಸು. ಫೀಸು ಬೇಡ, ಗೋಳಿಬಜೆ ಸಾಕು. ನಮ್ಮ ಹಳೆಯ ಬಾಕಿ ಪ್ಲೇಟಿನ ಲೆಕ್ಕವೂ ಇದರಲ್ಲೇ ಚುಕ್ತಾ.

ನಿನ್ನ,
‘ಪಿಪೆಟ್ಟು’